ಕಾಫಿ ಗಿಡಕ್ಕೆ ಬರ ಯಾವಾಗ ಬೇಕು, ಯಾವಾಗ ಬೇಡ

ಪ್ರಶ್ನೆ: ಒಂದೇ ವರ್ಷ ನೆಟ್ಟ, ಒಂದೇ ತಳಿಯ ಅರೇಬಿಕಾ ಗಿಡಗಳು ನಮ್ಮಲ್ಲಿ ಎರಡು ಇಳಿಜಾರುಗಳಲ್ಲಿವೆ. ನೆರಳು ಚೆನ್ನಾಗಿರುವ ಕಡೆಯವು ಪ್ರತಿ ವರ್ಷವೂ ಸಾಧಾರಣ ಫಸಲು ಕೊಡುತ್ತವೆ. ಮರ ಕಡಿಮೆಯಿದ್ದು ಮಧ್ಯಾಹ್ನದ ಮೇಲಿನ ಬಿಸಿಲು ನೇರವಾಗಿ ಬೀಳುವ ಕಡೆಯವು ಒಂದು ವರ್ಷ ಕಾಯಿ ತುಂಬಿ ಬಾಗುತ್ತವೆ. ಮರುವರ್ಷ ಎಲೆ ಉದುರಿ, ರೆಂಬೆಯ ತುದಿ ಒಣಗಿ, ಇದ್ದಬದ್ದ ಕಾಯಿಯೂ ಜೊಳ್ಳಾಗುತ್ತದೆ. ಗೊಬ್ಬರ ಎರಡೂ ಕಡೆಗೆ ಒಂದೇ ಪ್ರಮಾಣದಲ್ಲಿ ಹಾಕುತ್ತೇವೆ. ಇದಕ್ಕೆ ಕಾರಣ ನೀರಿನ ಕೊರತೆಯೇ, ಬಿಸಿಲೇ, ರೋಗವೇ? ಇನ್ನೊಂದು ಮಾತು: ಗಿಡ ಸ್ವಲ್ಪ ಕಷ್ಟಪಟ್ಟರೆ ಕಾಫಿಯ ರುಚಿ ಹೆಚ್ಚುತ್ತದೆ ಎನ್ನುತ್ತಾರಲ್ಲ, ಅದು ನಿಜವೇ?

ಉತ್ತರ: ನಿಮ್ಮ ಪ್ರಶ್ನೆಯಲ್ಲಿಯೇ ಅರ್ಧ ಉತ್ತರ ಅಡಗಿದೆ. ಬಿಸಿಲಿನ ಇಳಿಜಾರಿನ ಗಿಡಗಳು ಮರುವರ್ಷ ಸೊರಗುತ್ತವೆ ಎಂದಿದ್ದೀರಿ. ಅವು ಸೊರಗಲು ತೊಡಗುವುದು ಮರುವರ್ಷವಲ್ಲ, ಕಾಯಿ ತುಂಬಿ ಬಾಗಿ ನಿಂತ ವರ್ಷವೇ. ಎಲೆ ಉದುರುವುದು, ತುದಿ ಒಣಗುವುದು ಎಲ್ಲವೂ ಆ ವರ್ಷ ಮಾಡಿದ ಸಾಲದ ಬಡ್ಡಿ. ನೀರು, ಬಿಸಿಲು, ರೋಗ ಈ ಮೂರೂ ಲೆಕ್ಕದಲ್ಲಿ ಸೇರುತ್ತವೆಯಾದರೂ ಸಾಲ ಮಾಡಿಸಿದ್ದು ಫಸಲು.

ಒತ್ತಡ ಎಂಬ ಪದವನ್ನು ನಾವು ಅಳೆದು ಸುರಿಯಬಹುದಾದ ಒಂದೇ ವಸ್ತುವಿನಂತೆ ಬಳಸುತ್ತೇವೆ. ಕಾಫಿಯ ಮಟ್ಟಿಗೆ ಒತ್ತಡ ಎಷ್ಟು ಎಂಬುದಕ್ಕಿಂತ ಯಾವಾಗ ಬಂತು ಎಂಬುದು ದೊಡ್ಡ ಪ್ರಶ್ನೆ. ಮೊಗ್ಗು ಕಟ್ಟಿದ ಮೇಲೆ ಬರುವ ಒಣಹವೆ ಗಿಡಕ್ಕೆ ಬೇಕೇ ಬೇಕು. ಅದೇ ಒಣಹವೆ ಕಾಯಿ ಹಿಗ್ಗುವ ಕಾಲದಲ್ಲಿ ಕೆಲವು ವಾರ ಎಡೆಬಿಡದೆ ಕಾಡಿದರೆ ಆ ವರ್ಷದ ಬೀಜದ ಗಾತ್ರ ಅಲ್ಲಿಗೇ ನಿಂತುಹೋಗುತ್ತದೆ, ಆಮೇಲೆ ಎಷ್ಟು ಮಳೆ ಸುರಿದರೂ ಅದು ಮರಳಿ ಬರುವುದಿಲ್ಲ.

ಮೊದಲು ಈ ಗಿಡದ ಹುಟ್ಟುಗುಣವನ್ನು ನೋಡಬೇಕು. ಅರೇಬಿಕಾದ ತವರು ಇಥಿಯೋಪಿಯಾದ ನೈಋತ್ಯ ಭಾಗದ ಎತ್ತರದ ಕಾಡುಗಳು. ಅಲ್ಲಿ ಅದು ದೊಡ್ಡ ಮರಗಳ ಅಡಿಯಲ್ಲಿ, ಸೋಸಿ ಬರುವ ಬೆಳಕಿನಲ್ಲಿ ಬೆಳೆಯುವ ಪೊದೆ. ವಾರ್ಷಿಕ ಸರಾಸರಿ ಉಷ್ಣಾಂಶ 18ರಿಂದ 22 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿದ್ದರೆ ಅದಕ್ಕೆ ಹಿತ. ಆಫ್ರಿಕಾದ ತಗ್ಗು ಪ್ರದೇಶದ ಕಾಡುಗಳಿಂದ ಬಂದ ರೋಬಸ್ಟಾಕ್ಕೆ ಇನ್ನೂ ನಾಲ್ಕೈದು ಡಿಗ್ರಿ ಹೆಚ್ಚಿದ್ದರೂ ನಡೆಯುತ್ತದೆ, ಆದರೆ ಚಳಿಯನ್ನು ಅದು ಅರೇಬಿಕಾದಷ್ಟು ಸಹಿಸದು. ಕಾಡಿನ ನೆರಳಿನಲ್ಲಿ ಹೂವು ಕಡಿಮೆ, ಕಾಯಿಯೂ ಕಡಿಮೆ. ಹಾಗಾಗಿ ಹೊರಲಾರದಷ್ಟು ಕಾಯಿ ಕಚ್ಚಿದರೆ ಹೆಚ್ಚಿನದನ್ನು ಉದುರಿಸಿಕೊಳ್ಳಬೇಕು ಎಂಬ ಅಗತ್ಯ ಈ ಸಸ್ಯಕ್ಕೆ ಅದರ ವಿಕಾಸದ ಹಾದಿಯಲ್ಲಿ ಅಷ್ಟಾಗಿ ಬರಲಿಲ್ಲ. ಮಾವಿನ ಮರ ಕಚ್ಚಿದ ಮಿಡಿಗಳಲ್ಲಿ ಬಹುಪಾಲನ್ನು ಉದುರಿಸಿ ತನಗೆ ಸಾಕಾದಷ್ಟನ್ನು ಮಾತ್ರ ಉಳಿಸಿಕೊಳ್ಳುತ್ತದೆ. ಕಾಫಿ ಗಿಡವೂ ಆರಂಭದ ವಾರಗಳಲ್ಲಿ ಒಂದಿಷ್ಟು ಉದುರಿಸುತ್ತದೆ ನಿಜ. ಆದರೆ ಅಲ್ಲಿಂದಾಚೆಗೆ ಉಳಿದ ಕಾಯಿಯನ್ನು ಬಿಟ್ಟುಕೊಡದೆ, ಅದಕ್ಕಾಗಿ ತನ್ನ ಎಲೆ, ರೆಂಬೆ, ಬೇರುಗಳನ್ನೇ ಬಲಿಕೊಡುತ್ತದೆ.

ಇದನ್ನು ಒಂದು ಗಿಣ್ಣಿನ ಮಟ್ಟದಲ್ಲಿ ಲೆಕ್ಕ ಹಾಕಿ ನೋಡಬಹುದು. ಗಿಡದ ಸಂಗ್ರಹಕ್ಕೆ ಕೈಹಾಕದೆ ಒಂದು ಕಾಯಿಯನ್ನು ಪೂರ್ತಿ ಬೆಳೆಸಬೇಕಾದರೆ ಸುಮಾರು 20 ಚದರ ಸೆಂಟಿಮೀಟರ್ ಎಲೆ ಬೇಕು. ಅರೇಬಿಕಾದ ಒಂದು ಸಾಧಾರಣ ಎಲೆಯ ವಿಸ್ತೀರ್ಣ ಅದರ ಎರಡರಷ್ಟಿರುತ್ತದೆ ಎಂದುಕೊಂಡರೆ, ಗಿಣ್ಣಿಗೆ ಎರಡು ಎಲೆಗಳಂತೆ ನಾಲ್ಕು ಕಾಯಿಗಳಿಗೆ ಊಟ ಸಿಕ್ಕಿತು. ಬಿಸಿಲಿನಲ್ಲಿ ಹೂಬಿಟ್ಟ ಗಿಡದ ಒಂದು ಗಿಣ್ಣಿನಲ್ಲಿ ಹನ್ನೆರಡು, ಹದಿನೈದು ಕಾಯಿಗಳಿರುವುದು ಅಪರೂಪವೇನಲ್ಲ. ಉಳಿದ ಕಾಯಿಗಳಿಗೆ ತುದಿಯ ಹೊಸ ಎಲೆಗಳಿಂದ ಒಂದಷ್ಟು ಬರುತ್ತದೆ, ಮಿಕ್ಕದ್ದು ರೆಂಬೆಯಲ್ಲಿ ಮತ್ತು ಬೇರಿನಲ್ಲಿ ಕೂಡಿಟ್ಟ ಪಿಷ್ಟದಿಂದ ಹೋಗುತ್ತದೆ. ಆ ದಾಸ್ತಾನು ಬರಿದಾದಾಗ ಕಾಯಿಗಳು ಹತ್ತಿರದ ಹಳೆಯ ಎಲೆಗಳಿಂದ ಸಾರಜನಕ, ಪೊಟ್ಯಾಷ್, ಮೆಗ್ನೀಸಿಯಂಗಳನ್ನು ಎಳೆದುಕೊಳ್ಳುತ್ತವೆ. ಕಾಯಿಗೊಂಚಲಿನ ಪಕ್ಕದ ಎಲೆಯಲ್ಲಿ ನರಗಳು ಹಸಿರಾಗಿಯೇ ಉಳಿದು ನಡುವಿನ ಭಾಗ ಹಳದಿಯಾಗುವುದನ್ನು ನೀವು ಖಂಡಿತ ಕಂಡಿರುತ್ತೀರಿ. ಆ ಎಲೆ ಕೆಲವು ವಾರಗಳಲ್ಲಿ ಉದುರುತ್ತದೆ, ಉದುರಿದ ಮೇಲೆ ಗೊಂಚಲಿಗೆ ಉಣಿಸುವವರು ಇನ್ನೂ ಕಡಿಮೆ.

ಅರೇಬಿಕಾ ಮುಖ್ಯವಾಗಿ ಹಿಂದಿನ ವರ್ಷ ಬೆಳೆದ ರೆಂಬೆಯ ಭಾಗದಲ್ಲಿ ಕಾಯಿ ಬಿಡುತ್ತದೆ. ಎಲ್ಲ ಆಹಾರವೂ ಕಾಯಿಗೆ ಹೋದ ವರ್ಷದಲ್ಲಿ ರೆಂಬೆ ಎಂಟು ಹತ್ತು ಗಿಣ್ಣು ಮುಂದಕ್ಕೆ ಹೋಗಬೇಕಾದಲ್ಲಿ ಮೂರೋ ನಾಲ್ಕೋ ಹೋಗಿ ನಿಲ್ಲುತ್ತದೆ. ಮರುವರ್ಷ ಹೂಬಿಡಲು ಜಾಗವೇ ಇರುವುದಿಲ್ಲ. ಒಂದು ವರ್ಷ ಹೇರಳ, ಇನ್ನೊಂದು ವರ್ಷ ಬರಿದು ಎಂಬ ಏರುಪೇರಿನ ಮೂಲ ಇಷ್ಟೇ. ಕಣ್ಣಿಗೆ ಕಾಣದ ನಷ್ಟ ಮಣ್ಣಿನ ಅಡಿಯಲ್ಲಿದೆ: ಆಹಾರ ಸಿಗದೆ ಮೊದಲು ಸಾಯುವವು ಮೇಲ್ಮಣ್ಣಿನ 30 ಸೆಂಟಿಮೀಟರ್‌ನಲ್ಲಿ ಹರಡಿರುವ ಸಣ್ಣ ಹೀರುಬೇರುಗಳು. ಅವು ಸತ್ತ ಮೇಲೆ ಮಣ್ಣಿನಲ್ಲಿ ತೇವ ಇದ್ದರೂ ಗಿಡಕ್ಕೆ ಅದು ಬರಗಾಲವೇ. ನೀರಿನ ಕೊರತೆಯೇ ಎಂದು ಕೇಳಿದಿರಿ. ಕೊರತೆ ಇರಬಹುದು, ಆದರೆ ನೀರು ಹಾಯಿಸಿ ಅದನ್ನು ನೀಗಿಸುವ ಮೊದಲು ಒಂದು ಗಿಡದ ಬುಡವನ್ನು ಮೆಲ್ಲಗೆ ಕೆದಕಿ ಬಿಳಿಯ ಹೊಸ ಬೇರುಗಳಿವೆಯೇ ಎಂದು ನೋಡಿಕೊಳ್ಳಿ.

ಗಿಡದ ದಾಸ್ತಾನನ್ನು ನೋಡಲು ಒಂದು ಸುಲಭ ಪರೀಕ್ಷೆಯಿದೆ. ಕೊಯ್ಲು ಮುಗಿದ ವಾರದಲ್ಲಿ ಎರಡೂ ಇಳಿಜಾರುಗಳಿಂದ ಒಂದೇ ದಪ್ಪದ, ಬಲಿತ ರೆಂಬೆಯ ತುಂಡುಗಳನ್ನು ತಂದು, ಹರಿತವಾದ ಚಾಕುವಿನಿಂದ ಅಡ್ಡಕ್ಕೆ ಕತ್ತರಿಸಿ, ಕತ್ತರಿಸಿದ ಮುಖದ ಮೇಲೆ ಔಷಧಿ ಅಂಗಡಿಯ ಅಯೋಡಿನ್ ದ್ರಾವಣವನ್ನು ಒಂದೆರಡು ಹನಿ ಹಾಕಿ. ಪಿಷ್ಟ ಇರುವ ಕಡೆ ಕೆಲವೇ ನಿಮಿಷಗಳಲ್ಲಿ ಕಡುನೀಲಿ, ಹೆಚ್ಚುಕಡಿಮೆ ಕಪ್ಪು ಬಣ್ಣ ಏಳುತ್ತದೆ. ಇಲ್ಲದಿದ್ದರೆ ಅಯೋಡಿನ್ನಿನ ಹಳದಿಮಿಶ್ರಿತ ಕಂದು ಹಾಗೆಯೇ ಉಳಿಯುತ್ತದೆ. ಎರಡೂ ತುಂಡುಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗ ಸಿಗುವ ಉತ್ತರ ಎಷ್ಟೋ ಸಲ ನನ್ನಂಥವರ ಪುಟಗಟ್ಟಲೆ ವಿವರಣೆಗಿಂತ ಸ್ಪಷ್ಟವಾಗಿರುತ್ತದೆ.

ಈಗ ನೀರಿನ ವಿಷಯಕ್ಕೆ ಬರೋಣ. ಹಗಲು ಚಿಕ್ಕದಾಗುವ, ಹವೆ ತಂಪಾಗುವ ತಿಂಗಳುಗಳಲ್ಲಿ ಕಾಫಿಯ ಹೂಮೊಗ್ಗು ಹುಟ್ಟುತ್ತದೆ. ನಾಲ್ಕರಿಂದ ಆರು ಮಿಲಿಮೀಟರ್‌ವರೆಗೆ ಬೆಳೆದು ಅದು ನಿದ್ದೆಗೆ ಜಾರುತ್ತದೆ. ಆ ನಿದ್ದೆ ಕಳೆಯಬೇಕಾದರೆ ಗಿಡ ಮೊದಲು ಬಾಯಾರಬೇಕು, ಆಮೇಲೆ ನೀರು ಕಾಣಬೇಕು. ಎರಡೂ ಬೇಕು, ಅದೇ ಕ್ರಮದಲ್ಲಿ ಬೇಕು. ಬಾಯಾರಿದ ಗಿಡದ ಮೇಲೆ 25ರಿಂದ 40 ಮಿಲಿಮೀಟರ್ ಹೂಮಳೆ ಬಿದ್ದರೆ ಎಂಟು ಹತ್ತು ದಿನಗಳಲ್ಲಿ ಇಡೀ ತೋಟ ಒಟ್ಟಿಗೆ ಅರಳುತ್ತದೆ. ಉದ್ದನೆಯ ಒಂದೇ ಒಣಕಾಲ ಇಲ್ಲದ ಕಡೆಗಳಲ್ಲಿ ಹೂವು ಕಂತು ಕಂತಾಗಿ ಬರುತ್ತದೆ: ಸಮಭಾಜಕ ವೃತ್ತಕ್ಕೆ ಹತ್ತಿರವಿರುವ ಕೊಲಂಬಿಯಾದ ಹಲವು ಪ್ರದೇಶಗಳಲ್ಲಿ ವರ್ಷಕ್ಕೆ ಎರಡು ಕೊಯ್ಲು ಬರುವುದು ಇದೇ ಕಾರಣಕ್ಕೆ. ಒಂದೇ ರೆಂಬೆಯಲ್ಲಿ ಹೂವು, ಮಿಡಿ, ಹಣ್ಣು ಮೂರೂ ಇದ್ದರೆ ಕೊಯ್ಯುವವರ ಪಾಡು ಹೇಳತೀರದು. ತುಂತುರು ನೀರಾವರಿ ಇರುವವರು ಮೊಗ್ಗಿನ ಕಾಲದಲ್ಲಿ ಗಿಡ ಬಾಡುತ್ತಿದೆಯೆಂದು ಮರುಗಿ ಆಗಾಗ ಸ್ವಲ್ಪ ಸ್ವಲ್ಪ ನೀರು ಕೊಡುವುದನ್ನು ನಾನು ಒಪ್ಪುವುದಿಲ್ಲ. ಅರೆಬರೆ ನೀರು ಮೊಗ್ಗನ್ನು ಎಚ್ಚರಿಸಿ ಅರ್ಧದಾರಿಯಲ್ಲಿ ಕೈಬಿಡುತ್ತದೆ. ಕೊಟ್ಟರೆ ಪೂರ್ತಿ ಕೊಡಬೇಕು, ಇಲ್ಲವೇ ಕಾಯಬೇಕು. ಒಣಕಾಲ ತೀರಾ ಉದ್ದವಾಗಿ, ಅದರ ಜೊತೆಗೆ ಸೆಕೆಯೂ ಸೇರಿದರೆ ಮೊಗ್ಗು ಸರಿಯಾಗಿ ಬೆಳೆಯದೆ ನಕ್ಷತ್ರದಾಕಾರದ ಗಿಡ್ಡ ಹಸಿರು ಹೂವಾಗಿ ಬಿಡುತ್ತದೆ. ಅದರಿಂದ ಕಾಯಿ ನಿರೀಕ್ಷಿಸುವಂತಿಲ್ಲ.

ಹೂವಿನ ನಂತರದ ಆರೆಂಟು ವಾರ ಮಿಡಿ ಗುಂಡುಸೂಜಿಯ ತಲೆಯಷ್ಟೇ ಇರುತ್ತದೆ. ಈ ಹಂತದಲ್ಲಿ ಹೂಮಳೆಯ ಬೆನ್ನಿಗೆ ಬರುವ ಮಳೆ ಮಿಡಿ ಉಳಿಯಲು ಬೇಕು. ಅಲ್ಲಿಂದ ಸುಮಾರು ನಾಲ್ಕನೆಯ ತಿಂಗಳವರೆಗೆ ಕಾಯಿ ಭರದಿಂದ ಹಿಗ್ಗುತ್ತದೆ. ಹಿಗ್ಗುವುದು ಬಹುಮಟ್ಟಿಗೆ ನೀರಿನಿಂದ, ಆ ಹೊತ್ತಿನಲ್ಲಿ ಒಳಗೆ ಬೀಜದ ಗಟ್ಟಿ ತಿರುಳು ಇನ್ನೂ ತುಂಬಿರುವುದಿಲ್ಲ. ಈ ಹಂತದ ಕೊನೆಗೆ ಬೀಜವನ್ನು ಸುತ್ತುವರಿದ ಪಾರ್ಚ್‌ಮೆಂಟ್ ಸಿಪ್ಪೆ ಗಟ್ಟಿಯಾಗುತ್ತದೆ, ಅಂದರೆ ಪೆಟ್ಟಿಗೆಯ ಅಳತೆ ನಿಗದಿಯಾಗುತ್ತದೆ. ಮುಂದಿನ ತಿಂಗಳುಗಳಲ್ಲಿ ನಡೆಯುವುದು ಆ ಪೆಟ್ಟಿಗೆಯನ್ನು ತುಂಬುವ ಕೆಲಸ. ಅದಕ್ಕೆ ಬೇಕಾದುದು ನೀರಿಗಿಂತ ಹೆಚ್ಚಾಗಿ ಎಲೆಗಳಲ್ಲಿ ತಯಾರಾಗುವ ಸಕ್ಕರೆ.

ಆದ್ದರಿಂದ ನಿಮ್ಮ ಫಸಲನ್ನೇ ಸಾಕ್ಷಿಯಾಗಿ ಕರೆಯಬಹುದು. ಬೀಜ ಚಿಕ್ಕದಾಗಿದ್ದು ಗಟ್ಟಿಯಾಗಿ, ತೂಕವಾಗಿದ್ದರೆ ಕಾಯಿ ಹಿಗ್ಗುವಾಗ ನೀರು ಸಾಲದೆ ಹೋಗಿದೆ ಎಂದು ಅರ್ಥ. ಕಾಯಿ ಹೊರಗಿನಿಂದ ಸರಿಯಾದ ಗಾತ್ರದಲ್ಲಿದ್ದು ಒಳಗೆ ಜೊಳ್ಳಾಗಿದ್ದರೆ ಪೆಟ್ಟಿಗೆ ದೊಡ್ಡದಾಗಿಯೇ ತಯಾರಾಗಿತ್ತು, ತುಂಬುವ ಕಾಲಕ್ಕೆ ಎಲೆಗಳಿರಲಿಲ್ಲ. ನೀವು ಜೊಳ್ಳು ಎಂದಿದ್ದೀರಿ. ಹಾಗಾಗಿ ನನ್ನ ಸಂಶಯ ಎರಡನೆಯದರ ಮೇಲೆ. ಖಚಿತಪಡಿಸಿಕೊಳ್ಳಲು ಎರಡೂ ಕಡೆಯಿಂದ ನೂರು ನೂರು ಹಣ್ಣುಗಳನ್ನು ಆರಿಸದೆ ತಂದು ನೀರಿಗೆ ಹಾಕಿ, ತೇಲಿದವನ್ನು ಎಣಿಸಿ, ತೇಲಿದವುಗಳಲ್ಲಿ ಇಪ್ಪತ್ತನ್ನು ಕುಯ್ದು ನೋಡಿ. ಕಾಯಿಕೊರಕ ಹೊಕ್ಕ ಹಣ್ಣೂ ತೇಲುತ್ತದೆ, ಆದರೆ ಅದರ ತುದಿಯಲ್ಲಿ ಗುಂಡುಸೂಜಿ ಚುಚ್ಚಿದಂಥ ತೂತು ಇರುತ್ತದೆ.

ಬಿಸಿಲಿನ ಬಗ್ಗೆ ಹೇಳುವಾಗ ಬೆಳಕನ್ನೂ ಸೆಕೆಯನ್ನೂ ಬೇರೆ ಬೇರೆಯಾಗಿ ನೋಡಬೇಕು. ಕಾಫಿಯ ಒಂದು ಎಲೆ ಪೂರ್ಣ ಬಿಸಿಲಿನ ಸುಮಾರು ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಬೆಳಕನ್ನು ಬಳಸಿಕೊಳ್ಳಲಾರದು. ಮಿಕ್ಕ ಬೆಳಕು ಹೊರೆ; ಅದನ್ನು ಶಾಖವಾಗಿ ಹೊರಹಾಕಲು ಎಲೆ ಶ್ರಮಪಡಬೇಕು. ಇದಲ್ಲದೆ ಕಾಫಿಯ ಪತ್ರರಂಧ್ರಗಳು ಒಣಗಾಳಿಗೆ ಬಹಳ ಬೇಗ ಮುಚ್ಚಿಕೊಳ್ಳುತ್ತವೆ, ಬುಡದಲ್ಲಿ ತೇವ ಇದ್ದರೂ ಮುಚ್ಚಿಕೊಳ್ಳುತ್ತವೆ. ಬೆಳಗಿನ ಗಾಳಿ ತಂಪಾಗಿ, ತೇವವಾಗಿರುವಾಗ ಬೀಳುವ ಬಿಸಿಲು ಗಿಡಕ್ಕೆ ಊಟ. ಮಧ್ಯಾಹ್ನದ ಮೇಲೆ ಗಾಳಿ ಕಾದು ಒಣಗಿದಾಗ ಬಾಗಿಲು ಮುಚ್ಚಿರುತ್ತದೆ, ಬೆಳಕು ಮಾತ್ರ ಸುರಿಯುತ್ತಲೇ ಇರುತ್ತದೆ. ನೆರಳಿಲ್ಲದ ಎಲೆ ಸುತ್ತಲಿನ ಗಾಳಿಗಿಂತಲೂ ಹೆಚ್ಚು ಕಾಯುತ್ತದೆ, ಪತ್ರಹರಿತ್ತು ಕೆಟ್ಟು ಎಲೆ ಬಿಳಿಚಿಕೊಂಡು ಸುಡುತ್ತದೆ. ಪೂರ್ವಕ್ಕೆ ಮುಖಮಾಡಿದ ಇಳಿಜಾರಿಗೂ ಪಶ್ಚಿಮಕ್ಕೆ ಮುಖಮಾಡಿದ ಇಳಿಜಾರಿಗೂ ಇರುವ ವ್ಯತ್ಯಾಸ ಇದೇ. ಆದರೆ ಹೂಮೊಗ್ಗು ಹುಟ್ಟಲು ಬೆಳಕು ಒಳ್ಳೆಯದು. ನಿಮ್ಮ ಬಿಸಿಲಿನ ಇಳಿಜಾರಿನ ಎಡವಟ್ಟು ಇಲ್ಲಿದೆ: ಅಲ್ಲಿಯ ಬೆಳಕು ಹೂವನ್ನು ಹೆಚ್ಚಿಸುತ್ತದೆ, ಅಲ್ಲಿಯ ಮಧ್ಯಾಹ್ನ ಆ ಹೂವಿನಿಂದಾದ ಕಾಯಿಯನ್ನು ಸಾಕುವ ಎಲೆಯ ಶಕ್ತಿಯನ್ನು ಕುಗ್ಗಿಸುತ್ತದೆ. ಸಾರಜನಕ ಸಾಕಷ್ಟಿರುವ ಎಲೆ ಹೆಚ್ಚಿನ ಬೆಳಕನ್ನು ಚೆನ್ನಾಗಿ ತಾಳಿಕೊಳ್ಳುತ್ತದೆ. ಆದ ಕಾರಣ ಎರಡೂ ಕಡೆಗೆ ಒಂದೇ ಪ್ರಮಾಣದ ಗೊಬ್ಬರ ಎಂಬ ನಿಮ್ಮ ಕ್ರಮ ಸಮಾನವಾಗಿ ಕಂಡರೂ ನ್ಯಾಯವಾಗಿಲ್ಲ.

ನೀರು ಹೆಚ್ಚಾದರೂ ಬೇರಿಗೆ ಉಸಿರು ಸಿಗದೆ ಗಿಡ ಬಾಡುತ್ತದೆ, ಕಾಯಿ ಉದುರಿಸುತ್ತದೆ. ಗಾಳಿಯಾಡದ ದಟ್ಟ ನೆರಳಿನಲ್ಲಿ ಎಡೆಬಿಡದ ಮಳೆ ಹಿಡಿದರೆ ಕೊಳೆರೋಗ ಬರುತ್ತದೆ. ಈ ರೋಗಕ್ಕೆ ಕಾರಣವಾದ ಶಿಲೀಂಧ್ರದ ಹಳೆಯ ವೈಜ್ಞಾನಿಕ ಹೆಸರಿನಲ್ಲಿಯೇ ‘ಕೊಳೆರೋಗ’ ಎಂಬ ಕನ್ನಡ ಪದ ಸೇರಿಕೊಂಡಿದೆ ಎಂಬುದು ವಿಷಯಕ್ಕೆ ಸ್ವಲ್ಪ ಹೊರಗಿನ ಮಾತಾದರೂ ಹೇಳದೆ ಇರಲಾರೆ. ಹಿಮದ ಮಾತು ಬೇರೆ: 1975ರ ಜುಲೈ 18ರಂದು ಬ್ರೆಜಿಲ್‌ನ ಪರಾನಾದಲ್ಲಿ ಆದಂತೆ ಒಂದೇ ರಾತ್ರಿಯ ಕೊರೆತಕ್ಕೆ ತೋಟಗಳು ಬುಡಸಮೇತ ಸುಟ್ಟುಹೋಗಬಹುದು. ಅದಕ್ಕೆ ಸಮಯಾಸಮಯದ ತರ್ಕ ಅನ್ವಯಿಸುವುದಿಲ್ಲ.

ರೋಗ ಮೂಲವೇ ಎಂಬ ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ಬಹುಶಃ ಅಲ್ಲ, ಆದರೆ ಈಗ ಜೊತೆಗೂಡಿರಬಹುದು. ಎಲೆ ತುಕ್ಕು ರೋಗ 1869ರಲ್ಲಿ ಸಿಲೋನಿನಲ್ಲಿ ಕಾಣಿಸಿಕೊಂಡು ಕೆಲವೇ ದಶಕಗಳಲ್ಲಿ ಅಲ್ಲಿಯ ಕಾಫಿ ಕೃಷಿಯನ್ನೇ ಮುಗಿಸಿತು. 2012-13ರಲ್ಲಿ ಮಧ್ಯ ಅಮೆರಿಕದ ತೋಟಗಳನ್ನು ಹಿಡಿದದ್ದೂ ಅದೇ. ಅದರ ಬೀಜಕಣ ಮೊಳೆಯಲು ಎಲೆಯ ಮೇಲೆ ನೀರಿನ ಹನಿ ಮತ್ತು ಹಿತವಾದ ಉಷ್ಣಾಂಶ ಸಾಕು, ಆದರೆ ಕಾಯಿಭಾರ ಹೊತ್ತ ಗಿಡದ ಎಲೆಗೆ ಅದು ಹೆಚ್ಚು ಹತ್ತುತ್ತದೆ. ಎಲೆಯ ಅಡಿಯಲ್ಲಿ ಕಿತ್ತಳೆ ಬಣ್ಣದ ಪುಡಿ ಇದೆಯೇ ನೋಡಿ. ಏಷ್ಯಾದ ಅರೇಬಿಕಾ ತೋಟಗಳಲ್ಲಿ ಬಿಳಿ ಕಾಂಡಕೊರಕವೂ ಇಂಥ ಜಾಗವನ್ನೇ ಹುಡುಕುತ್ತದೆ: ಬಿಸಿಲಿಗೆ ಕಾದ ಕಾಂಡದ ತೊಗಟೆಯ ಬಿರುಕಿನಲ್ಲಿ ಹೆಣ್ಣು ದುಂಬಿ ಮೊಟ್ಟೆಯಿಡುತ್ತದೆ. ಕಾಂಡದ ಸುತ್ತ ಉಂಗುರದಂತೆ ಉಬ್ಬಿದ ಗೆರೆಗಳು ಕಂಡರೆ ಅಂಥ ಗಿಡದ ಸೊರಗಿಗೆ ಕಾರಣ ಬೇರೆಯೇ, ಈ ಉತ್ತರ ಅದಕ್ಕೆ ಸಲ್ಲದು.

ಇನ್ನು ರುಚಿಯ ಮಾತು. ಎತ್ತರದ ತಂಪಿನಲ್ಲಿ, ನೆರಳಿನಲ್ಲಿ ಬೆಳೆದ ಕಾಫಿ ಹೆಚ್ಚು ಗಟ್ಟಿಯಾಗಿ, ರುಚಿಯಾಗಿ ಇರುವುದನ್ನು ನೋಡಿ ಜನರು ಅದನ್ನು ಕಷ್ಟದ ಫಲವೆಂದು ತಿಳಿದಿದ್ದಾರೆ. ಅಲ್ಲಿ ನಡೆಯುವುದು ಕಷ್ಟವಲ್ಲ, ನಿಧಾನ. ತಂಪಿನಲ್ಲಿ ಹಣ್ಣು ತಡವಾಗಿ ಹಣ್ಣಾಗುತ್ತದೆ, ಬೀಜ ತುಂಬಿಕೊಳ್ಳಲು ಹೆಚ್ಚು ದಿನ ಸಿಗುತ್ತದೆ, ಕಾಯಿ ಕಡಿಮೆ ಇರುವುದರಿಂದ ಪ್ರತಿ ಕಾಯಿಗೂ ಪಾಲು ಹೆಚ್ಚು. ನಿಜವಾಗಿ ಬಳಲಿದ ಗಿಡದಲ್ಲಿ ಆಗುವುದು ಇದರ ವಿರುದ್ಧ: ಎಲೆ ಉದುರಿದ ರೆಂಬೆಯ ಹಣ್ಣು ಬೇಗ ಬಣ್ಣ ತಿರುಗುತ್ತದೆ, ಒಳಗಿನ ಬೀಜ ಬಲಿತಿರುವುದಿಲ್ಲ. ಅಂಥ ಬೀಜ ಹುರಿಯುವಾಗ ಉಳಿದವುಗಳ ಜೊತೆ ಕಂದಾಗದೆ ಬಿಳಿಚಾಗಿಯೇ ಉಳಿಯುತ್ತದೆ. ಬಟ್ಟಲಿನಲ್ಲಿ ಅದರ ರುಚಿ ಸಪ್ಪೆ, ಒಗರು. ಕೆಫೀನ್ ಕೂಡ ಗಿಡದ ಕಷ್ಟಕ್ಕಿಂತ ಹೆಚ್ಚಾಗಿ ಜಾತಿಯನ್ನು ಅವಲಂಬಿಸುತ್ತದೆ. ಅರೇಬಿಕಾದ ಬೀಜದಲ್ಲಿ ಸುಮಾರು ಶೇ. 1.2 ಇದ್ದರೆ ರೋಬಸ್ಟಾದಲ್ಲಿ ಅದರ ಹೆಚ್ಚುಕಡಿಮೆ ಎರಡರಷ್ಟು.

ನೀವು ಮಾಡಬೇಕಾದ ಕೆಲಸಗಳಲ್ಲಿ ನೆರಳು ಮೊದಲನೆಯದು, ಆದರೆ ಅದಕ್ಕೆ ವರ್ಷಗಳು ಬೇಕು. ಪಶ್ಚಿಮದ ಅಂಚಿನಿಂದ ಮರ ನೆಡಲು ಆರಂಭಿಸಿ; ಬೆಳಕಿನ ಮೂರನೇ ಒಂದು ಭಾಗವನ್ನು ತಡೆದರೂ ಮಧ್ಯಾಹ್ನದ ಉರಿ ಇಳಿಯುತ್ತದೆ, ಅರ್ಧಕ್ಕಿಂತ ಹೆಚ್ಚು ತಡೆದರೆ ಹೂವು ಕಡಿಮೆಯಾಗಿ ಕೊಳೆರೋಗಕ್ಕೆ ದಾರಿಯಾಗುತ್ತದೆ. ಈ ವರ್ಷವೇ ಆಗುವ ಕೆಲಸ ಬುಡಕ್ಕೆ ತರಗೆಲೆಯ ಹೊದಿಕೆ ಮತ್ತು ಮಣ್ಣಿನ ಪರೀಕ್ಷೆ: ಹುಳಿ ಮಣ್ಣಾಗಿದ್ದರೆ ಸುಣ್ಣ ಹಾಕಿ ಪಿಎಚ್ 6ರ ಆಸುಪಾಸಿಗೆ ತರದೆ ಹಾಕಿದ ಗೊಬ್ಬರ ಪೂರ್ತಿ ದಕ್ಕುವುದಿಲ್ಲ. ಕಾಯಿ ಹೆಚ್ಚು ನಿಂತ ವರ್ಷ ಬಿಸಿಲಿನ ಇಳಿಜಾರಿಗೆ ಸಾರಜನಕ ಮತ್ತು ಪೊಟ್ಯಾಷನ್ನು ಕಾಯಿ ತುಂಬುವ ಮೊದಲೇ, ಕಂತುಗಳಲ್ಲಿ ಹೆಚ್ಚಿಸಿ ಕೊಡಿ. ಎಲೆ ಉದುರಿದ ಮೇಲೆ ಕೊಟ್ಟರೆ ಅದನ್ನು ಹೀರುವ ಬೇರೇ ಇರುವುದಿಲ್ಲ.

ಕಸಿಯ, ಅಂದರೆ ರೆಂಬೆ ಸವರುವ ಕೆಲಸದ ವಿಷಯದಲ್ಲಿ ಮಾತ್ರ ಆತುರ ಬೇಡ. ಸೊರಗಿದ ಗಿಡವನ್ನು ಕಂಡಾಗ ಬುಡಮಟ್ಟ ಕತ್ತರಿಸಿ ಹೊಸ ಚಿಗುರು ತರಿಸೋಣ ಎನಿಸುವುದು ಸಹಜ. ಹೊಸ ಚಿಗುರು ಮೊದಲ ವಾರಗಳಲ್ಲಿ ಬದುಕುವುದು ಬುಡ ಮತ್ತು ಬೇರಿನ ಪಿಷ್ಟದ ಮೇಲೆ. ಅದೇ ಬರಿದಾಗಿರುವ ಗಿಡ ಕತ್ತರಿಸಿದ ಮೇಲೆ ಏಳದೆ ಸತ್ತೇಹೋಗಬಹುದು. ಅಯೋಡಿನ್ ಹಾಕಿದಾಗ ಹಳದಿಯಾಗಿಯೇ ಉಳಿದ ಗಿಡಗಳಲ್ಲಿ ಈ ಸಲ ಒಣಗಿದ ತುದಿಗಳನ್ನಷ್ಟೇ ಹಸಿ ಭಾಗದವರೆಗೆ ಸವರಿ, ಉಳಿದ ಎಲೆಗಳನ್ನೆಲ್ಲ ಬಿಡಿ, ಹೂವು ಹೆಚ್ಚು ಬಂದರೆ ಮಿಡಿಯ ಹಂತದಲ್ಲಿಯೇ ಕೈಗೆಟುಕಿದಷ್ಟನ್ನು ತೆಗೆದುಬಿಡಿ. ಮುಂದಿನ ಕೊಯ್ಲಿನ ನಂತರ ಅದೇ ಪರೀಕ್ಷೆ ಮತ್ತೆ ಮಾಡಿ, ತುಂಡು ನೀಲಿಗೆ ತಿರುಗಿದ ಗಿಡಗಳಿಗೆ ಮಾತ್ರ ದೊಡ್ಡ ಕಸಿ ಮಾಡಿ.